ಹೊಟ್ಟೆ ತೊಳಸಿದಾಗ ಏನು ಮಾಡಬೇಕು? ವಾಕರಿಕೆಯ ಕಾರಣ, ಪ್ರಥಮ ಚಿಕಿತ್ಸೆ ಮತ್ತು ಅಪಾಯದ ಸೂಚನೆಗಳು

ಮದುವೆ ಊಟ ಮುಗಿಸಿ ಬಂದು ಎರಡು ಗಂಟೆ ಆಗುವಷ್ಟರಲ್ಲಿ ಒಬ್ಬರಿಗೆ ಹೊಟ್ಟೆ ತೊಳಸಲು ಶುರುವಾಗುತ್ತದೆ. ಘಾಟಿ ಹತ್ತುವ ಬಸ್ಸಿನಲ್ಲಿ ಮಗುವಿನ ಮುಖ ಬಿಳಿಚಿಕೊಳ್ಳುತ್ತದೆ. ಒಗ್ಗರಣೆಯ ವಾಸನೆ ಬಂದ ಕೂಡಲೇ ಗರ್ಭಿಣಿಗೆ ಅಡುಗೆ ಕೋಣೆಯಲ್ಲಿ ನಿಲ್ಲಲಾಗುವುದಿಲ್ಲ. ಅರುವತ್ತು ದಾಟಿದ ಹಿರಿಯರೊಬ್ಬರು ಬೆವರುತ್ತಾ "ವಾಂತಿ ಬಂದ ಹಾಗೆ ಆಗ್ತದೆ" ಎನ್ನುತ್ತಾರೆ. ನಾಲ್ಕೂ ಕಡೆ ತೊಂದರೆಯ ಹೆಸರು ಒಂದೇ, ವಾಕರಿಕೆ. ಆದರೆ ನಾಲ್ಕಕ್ಕೂ ಮಾಡಬೇಕಾದ ಕೆಲಸ ಒಂದೇ ಅಲ್ಲ. ಮೊದಲಿನ ಮೂವರಿಗೆ ಹೆಚ್ಚಾಗಿ ಮನೆಯ ಆರೈಕೆ ಸಾಕು. ನಾಲ್ಕನೆಯವರಿಗೆ ಅದು ಹೃದಯಾಘಾತವೂ ಆಗಿರಬಹುದು, ಒಂದೊಂದು ನಿಮಿಷಕ್ಕೂ ಅಲ್ಲಿ ಬೆಲೆ ಇದೆ.

ನಮ್ಮಲ್ಲಿ ವಾಕರಿಕೆ ಬಂದರೆ ಎರಡು ರೀತಿಯ ತಪ್ಪು ನಡೆಯುತ್ತದೆ. ಒಂದು, ಸಣ್ಣದಕ್ಕೂ ಮೆಡಿಕಲ್‌ಗೆ ಓಡಿ ವಾಂತಿ ನಿಲ್ಲಿಸುವ ಮಾತ್ರೆ ತಂದು ನುಂಗುವುದು. ಇನ್ನೊಂದು, ದೊಡ್ಡದನ್ನೂ "ಗ್ಯಾಸ್ ಅಷ್ಟೆ, ಒಂದು ಸೋಡಾ ಕುಡಿದ್ರೆ ಸರಿಯಾಗ್ತದೆ" ಎಂದು ತಳ್ಳಿಹಾಕುವುದು. ಯಾವುದಕ್ಕೆ ಮನೆಯಲ್ಲೇ ಕಾಯಬಹುದು, ಯಾವುದಕ್ಕೆ ಕಾಯಬಾರದು ಎಂಬ ವ್ಯತ್ಯಾಸ ಮನೆಯ ಒಬ್ಬರಿಗಾದರೂ ಗೊತ್ತಿರಬೇಕು. ಅದಕ್ಕಾಗಿ ಈ ಮಾಹಿತಿ.

ವಾಕರಿಕೆ ಎಂದರೇನು?

ವಾಕರಿಕೆ ಒಂದು ಕಾಯಿಲೆ ಅಲ್ಲ, ಅದೊಂದು ಸೂಚನೆ. ಜ್ವರ ಹೇಗೋ ಹಾಗೆ. ದೇಹದಲ್ಲಿ ಎಲ್ಲೋ ಏನೋ ಸರಿಯಿಲ್ಲ ಎಂದು ಮೆದುಳು ಕೊಡುವ ಎಚ್ಚರಿಕೆ.

ನಮ್ಮ ಮೆದುಳಿನ ಬುಡದಲ್ಲಿ ವಾಂತಿಯನ್ನು ನಿಯಂತ್ರಿಸುವ ನರಕೋಶಗಳ ಒಂದು ಜಾಲವಿದೆ. ಅದಕ್ಕೆ ಮುಖ್ಯವಾಗಿ ನಾಲ್ಕು ದಾರಿಗಳಿಂದ ಸುದ್ದಿ ಬರುತ್ತದೆ. ಮೊದಲನೆಯದು ಹೊಟ್ಟೆ ಮತ್ತು ಕರುಳು. ಹಾಳಾದ ಆಹಾರ ಅಥವಾ ರೋಗಾಣುವಿನ ವಿಷ ಕರುಳಿನ ಒಳಪದರವನ್ನು ಕೆಣಕಿದಾಗ ಅಲ್ಲಿನ ಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ವೇಗಸ್ ಎಂಬ ಉದ್ದದ ನರ ಆ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತದೆ. ಎರಡನೆಯದು ರಕ್ತ. ರಕ್ತದಲ್ಲಿ ಸೇರಿದ ವಿಷ, ಕೆಲವು ಔಷಧಿಗಳು, ಗರ್ಭಾವಸ್ಥೆಯ ಹಾರ್ಮೋನುಗಳು, ಮೂತ್ರಪಿಂಡ ಕೆಟ್ಟಾಗ ಸೇರುವ ಕಶ್ಮಲಗಳನ್ನು ಮೆದುಳಿನ ಒಂದು ಭಾಗ ನೇರವಾಗಿ ಗುರುತಿಸುತ್ತದೆ. ಮೂರನೆಯದು ಒಳಕಿವಿ. ದೇಹದ ಸಮತೋಲನ ನೋಡಿಕೊಳ್ಳುವ ಅಂಗ ಅದು, ಪ್ರಯಾಣದ ವಾಂತಿಗೆ ಮೂಲ ಅಲ್ಲಿದೆ. ನಾಲ್ಕನೆಯದು ಮೆದುಳಿನ ಮೇಲ್ಭಾಗ. ಹೆದರಿಕೆ, ಪರೀಕ್ಷೆಯ ಒತ್ತಡ, ಕೆಟ್ಟ ವಾಸನೆ, ವಿಪರೀತ ನೋವು ಇಲ್ಲಿಂದ ವಾಕರಿಕೆ ತರಿಸುತ್ತವೆ. ತಲೆಗೆ ಪೆಟ್ಟು ಬಿದ್ದು ತಲೆಬುರುಡೆಯ ಒಳಗೆ ಒತ್ತಡ ಹೆಚ್ಚಿದರೂ ವಾಂತಿ ಬರುತ್ತದೆ.

ವಾಂತಿಗೆ ಮೊದಲು ಬಾಯಿ ತುಂಬ ನೀರು ಬರುವುದು, ಮುಖ ಬಿಳಿಚುವುದು, ತಣ್ಣನೆ ಬೆವರುವುದು ಇದೆಲ್ಲ ಈ ವ್ಯವಸ್ಥೆಯ ಭಾಗವೇ. ಹೊಟ್ಟೆಯ ಆಮ್ಲ ಹಲ್ಲನ್ನು ಕೆಡಿಸದಂತೆ ಜೊಲ್ಲು ರಕ್ಷಣೆ ಕೊಡುತ್ತದೆ.

ಊಟದಿಂದ ಬರುವ ವಾಕರಿಕೆ

ಊಟದ ನಂತರ ಎಷ್ಟು ಹೊತ್ತಿಗೆ ತೊಂದರೆ ಶುರುವಾಯಿತು ಎಂಬುದರಿಂದ ಕಾರಣವನ್ನು ಸ್ವಲ್ಪ ಊಹಿಸಬಹುದು. ಅರ್ಧ ಗಂಟೆಯಿಂದ ಆರೇಳು ಗಂಟೆಯೊಳಗೆ ಜೋರು ವಾಂತಿ ಬಂದರೆ, ಆಹಾರದಲ್ಲಿ ಮೊದಲೇ ಬೆಳೆದಿದ್ದ ರೋಗಾಣುವಿನ ವಿಷ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಬಿರಿಯಾನಿ, ನೈಚೋರ್, ಅನ್ನವನ್ನು ಮಾಡಿದ ಪಾತ್ರೆಯಲ್ಲೇ ಗಂಟೆಗಟ್ಟಲೆ ಹೊರಗೆ ಇಟ್ಟರೆ ಬೇಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. "ಚೆನ್ನಾಗಿ ಕುದಿಸಿದ್ದೇವಲ್ಲ" ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಉಳಿದ ಅನ್ನವನ್ನು ಎರಡು ಗಂಟೆಯೊಳಗೆ ಅಗಲ ಪಾತ್ರೆಗೆ ಹಾಕಿ ಆರಿಸಿ ಫ್ರಿಜ್‌ನಲ್ಲಿ ಇಡಬೇಕು.

ಆರು ಗಂಟೆಯ ನಂತರ, ಅಥವಾ ಒಂದೆರಡು ದಿನ ಕಳೆದು, ವಾಂತಿಯ ಜೊತೆ ಜ್ವರ, ಹೊಟ್ಟೆನೋವು, ಭೇದಿ ಬಂದರೆ ಸಾಲ್ಮೊನೆಲ್ಲಾ, ಶಿಗೆಲ್ಲಾದಂಥ ಸೋಂಕು ಇರಬಹುದು. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ 16 ವರ್ಷದ ವಿದ್ಯಾರ್ಥಿನಿ ಮೃತಪಟ್ಟು, ಹಲವರು ಆಸ್ಪತ್ರೆ ಸೇರಿದ್ದು ನಮಗೆಲ್ಲ ನೆನಪಿದೆ. ಅಸ್ವಸ್ಥರ ಪರೀಕ್ಷೆಯಲ್ಲಿ ಶಿಗೆಲ್ಲಾ ಪತ್ತೆಯಾಗಿತ್ತು. 2023ರ ಜನವರಿಯಲ್ಲಿ ಕೇರಳ ಸರ್ಕಾರ ಹಸಿ ಮೊಟ್ಟೆಯ ಮಯೋನೀಸ್ ನಿಷೇಧಿಸಿತು. ಪಾರ್ಸೆಲ್ ಪೊಟ್ಟಣದ ಮೇಲೆ ತಯಾರಿಸಿದ ಸಮಯ ಮತ್ತು ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎಂಬ ಚೀಟಿ ಕಡ್ಡಾಯ ಮಾಡಿತು. ಆ ಚೀಟಿ ನೋಡಿ ತಿನ್ನುವುದು ನಮ್ಮ ಕೈಯಲ್ಲಿರುವ ಕೆಲಸ.

ಕರಾವಳಿಯವರಿಗೆ ಗೊತ್ತಿರಬೇಕಾದ ಇನ್ನೊಂದು ವಿಷಯ ಮೀನಿನದ್ದು. ಬಂಗುಡೆ, ಬೂತಾಯಿಯಂಥ ಮೀನನ್ನು ಹಿಡಿದ ನಂತರ ಸರಿಯಾಗಿ ಐಸ್ ಹಾಕದೆ ಇಟ್ಟರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಉತ್ಪತ್ತಿಯಾಗುತ್ತದೆ. ಅದನ್ನು ತಿಂದ ಕೆಲವು ನಿಮಿಷಗಳಿಂದ ಒಂದು ಗಂಟೆಯೊಳಗೆ ಮುಖ ಕೆಂಪಾಗಿ ಬಿಸಿಯಾಗುವುದು, ತಲೆನೋವು, ಎದೆ ಬಡಿತ, ವಾಕರಿಕೆ, ಮೈ ತುರಿಕೆ ಶುರುವಾಗಬಹುದು. ಹುರಿದರೂ ಪುಳಿಮುಂಚಿ ಮಾಡಿದರೂ ಹಿಸ್ಟಮಿನ್ ನಾಶವಾಗುವುದಿಲ್ಲ. ಹೆಚ್ಚಿನವರಿಗೆ ಕೆಲವು ಗಂಟೆಗಳಲ್ಲಿ ಕಡಿಮೆಯಾಗುತ್ತದೆ. ಆದರೆ ಉಸಿರಾಟ ಕಷ್ಟವಾದರೆ, ತುಟಿ ನಾಲಗೆ ಊದಿಕೊಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಊಟ ಸೇರದೆ ವಾರಗಟ್ಟಲೆ ವಾಕರಿಕೆ, ಸುಸ್ತು, ಸಣ್ಣ ಜ್ವರ ಇದ್ದರೆ ಹೆಪಟೈಟಿಸ್ ಎ, ಅಂದರೆ ನಾವು ಕಾಮಾಲೆ, ಜಾಂಡೀಸ್ ಎನ್ನುವ ರೋಗದ ಬಗ್ಗೆ ಯೋಚಿಸಬೇಕು. ಕಣ್ಣು ಹಳದಿಯಾಗುವ ಮೊದಲೇ ವಾಕರಿಕೆ ಬಂದಿರುತ್ತದೆ. 2024ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲೂ ಎರ್ನಾಕುಳಂ ಜಿಲ್ಲೆಯ ವೆಂಙೂರಿನಲ್ಲೂ ಇದು ದೊಡ್ಡದಾಗಿ ಹಬ್ಬಿತ್ತು. ರೋಗ ಹರಡುವುದು ಮಲಿನ ನೀರಿನಿಂದ. ಮದುವೆಯ ವೆಲ್‌ಕಮ್ ಡ್ರಿಂಕ್‌ಗೆ ಕುದಿಸದ ನೀರು, ಹೊರಗಿನ ಐಸ್ ಬಳಸುವವರು ಇದನ್ನು ಗಮನಿಸಬೇಕು.

ಪ್ರಥಮ ಚಿಕಿತ್ಸೆ: ಮೊದಲ ಕೆಲವು ಗಂಟೆ

ಮುಂದೆ ಹೇಳುವ ಅಪಾಯದ ಸೂಚನೆಗಳು ಇಲ್ಲ ಎಂದಾದರೆ ಈ ಕ್ರಮ ಪಾಲಿಸಿ.

1. ರೋಗಿಯನ್ನು ಗಾಳಿ ಬರುವ ಜಾಗದಲ್ಲಿ ಒರಗಿ ಕೂರಿಸಿ. ಬಿಗಿ ಬಟ್ಟೆ ಸಡಿಲಿಸಿ. ಮಲಗುವುದಾದರೆ ಮಗ್ಗುಲಾಗಿ ಮಲಗಲಿ, ಅಂಗಾತ ಬೇಡ. ಅಂಗಾತ ಮಲಗಿದ್ದಾಗ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಹೋಗಬಹುದು.

2. ಅಡುಗೆ, ಅತ್ತರು, ಊದುಬತ್ತಿ, ಪೆಟ್ರೋಲ್ ವಾಸನೆಯಿಂದ ದೂರ ಇರಿಸಿ. ನಿಧಾನವಾಗಿ ಮೂಗಿನಿಂದ ಉಸಿರು ಎಳೆದು ಬಾಯಿಯಿಂದ ಬಿಡಲು ಹೇಳಿ.

3. ವಾಂತಿ ಬಂದರೆ ಬರಲಿ, ತಡೆಯಬೇಡಿ. ಹಾಗೆಂದು ಗಂಟಲಿಗೆ ಬೆರಳು ಹಾಕಿ ಬಲವಂತದಿಂದ ತರಿಸಬೇಡಿ.

4. ವಾಂತಿಯಾದ ನಂತರ ಬಾಯಿ ಮುಕ್ಕಳಿಸಲಿ. ಕೂಡಲೇ ಬ್ರಷ್ ಮಾಡುವುದು ಬೇಡ, ಆಮ್ಲದಿಂದ ಮೆತ್ತಗಾದ ಹಲ್ಲಿನ ಮೇಲ್ಪದರ ಸವೆಯುತ್ತದೆ. ಅರ್ಧ ಗಂಟೆ ಕಳೆದು ಬ್ರಷ್ ಮಾಡಿ.

5. 10ರಿಂದ 15 ನಿಮಿಷ ಹೊಟ್ಟೆಗೆ ವಿಶ್ರಾಂತಿ ಕೊಡಿ. ನಂತರ ಒಂದೊಂದು ಚಮಚ, ಒಂದೊಂದು ಗುಟುಕು ಎಂಬ ಲೆಕ್ಕದಲ್ಲಿ ಓಆರ್‌ಎಸ್ ಅಥವಾ ನೀರು ಕೊಡಿ. ಬಾಯಾರಿಕೆ ಎಂದು ಒಂದು ಲೋಟ ಒಮ್ಮೆಲೇ ಕುಡಿದರೆ ಹೊಟ್ಟೆ ಉಬ್ಬಿ ಮತ್ತೆ ವಾಂತಿಯಾಗುತ್ತದೆ. ನಮ್ಮಲ್ಲಿ "ನೀರು ಕುಡಿದರೂ ನಿಲ್ಲುವುದಿಲ್ಲ" ಎಂದು ಹೇಳುವ ಬಹಳ ಮಂದಿಗೆ ತೊಂದರೆ ಆಗುವುದು ಕುಡಿಸುವ ವೇಗದಿಂದ.

6. ನಾಲ್ಕೈದು ಗಂಟೆ ವಾಂತಿ ನಿಂತಿದೆ, ಹಸಿವು ಆಗುತ್ತಿದೆ ಎಂದಾದರೆ ಗಂಜಿ ತಿಳಿ, ಮೆತ್ತಗಿನ ಬೆಳ್ತಿಗೆ ಗಂಜಿ, ಇಡ್ಲಿ, ಬಾಳೆಹಣ್ಣು, ರಸ್ಕ್ ಸ್ವಲ್ಪ ಸ್ವಲ್ಪ ಕೊಡಿ. ಎಣ್ಣೆಯಲ್ಲಿ ಕರಿದದ್ದು, ಮಸಾಲೆ, ಮಾಂಸ ಒಂದು ದಿನ ಬೇಡ.

7. ಎಷ್ಟು ಸಲ ವಾಂತಿಯಾಯಿತು, ಬಣ್ಣ ಹೇಗಿತ್ತು, ಕೊನೆಯ ಬಾರಿ ಮೂತ್ರ ಹೋದದ್ದು ಯಾವಾಗ ಎಂದು ಮೊಬೈಲಿನಲ್ಲಿ ಬರೆದಿಡಿ. ಡಾಕ್ಟರ್ ಮೊದಲು ಕೇಳುವ ಪ್ರಶ್ನೆಗಳು ಇವೇ.

ಓಆರ್‌ಎಸ್: ಪೊಟ್ಟಣದ ಹಿಂದಿನ ಕಥೆ

1971ರಲ್ಲಿ ಬಾಂಗ್ಲಾ ಯುದ್ಧದ ಸಮಯ. ಪಶ್ಚಿಮ ಬಂಗಾಳದ ಗಡಿಯಲ್ಲಿರುವ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಸಾಲದೆ ಹೋದಾಗ ಡಾ. ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 3.6ಕ್ಕೆ ಇಳಿಯಿತು. ಅವರು 2022ರಲ್ಲಿ ನಿಧನರಾದರು. 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಣೆಯಾಯಿತು. ಡಾಕ್ಟರ್ ಅಲ್ಲದವರೂ ಮನೆಯವರ ಜೀವ ಉಳಿಸಬಹುದು ಎಂದು ಆ ಡ್ರಮ್ಮುಗಳು ತೋರಿಸಿಕೊಟ್ಟವು.

ಓಆರ್‌ಎಸ್ ಕೆಲಸ ಮಾಡುವುದು ಸರಳ ಲೆಕ್ಕದಿಂದ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಜೊತೆಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ. ಪ್ರಮಾಣ ತಪ್ಪಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಈ ಎಚ್ಚರಿಕೆಗಳು:

ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು. ಲೋಟಕ್ಕೆ ಒಂದು ಚಮಚ ಎಂದು ಅಂದಾಜಿನಲ್ಲಿ ಬೆರೆಸಬಾರದು. 200 ಮಿ.ಲೀ. ನೀರಿಗೆ ಬೆರೆಸುವ ಸಣ್ಣ ಪೊಟ್ಟಣವೂ ಸಿಗುತ್ತದೆ, ಓದಿ ನೋಡಿ. ಕುದಿಸಿ ಆರಿಸಿದ ನೀರು ಬಳಸಿ, ಬೆರೆಸಿದ ನಂತರ ಕುದಿಸಬೇಡಿ. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಿ. ರುಚಿಗೆಂದು ಸಕ್ಕರೆ ಸೇರಿಸಬೇಡಿ.

ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ. ಉಪ್ಪು ಹೆಚ್ಚಾಗಬಾರದು, ಮಕ್ಕಳಿಗೆ ಅಪಾಯ.

ಅಂಗಡಿಯಲ್ಲಿ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದು ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಜಾಸ್ತಿ. ಜೋರು ವಾಂತಿ ಭೇದಿಗೆ ಅದು ಓಆರ್‌ಎಸ್‌ಗೆ ಬದಲಿ ಅಲ್ಲ. ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು. ಸುಲೈಮಾನಿ ಚಹಾ ಗಂಟಲಿಗೆ ಹಿತ, ಚಿಕಿತ್ಸೆ ಅಲ್ಲ.

ಸಣ್ಣ ಮಕ್ಕಳಿಗೆ

ಮಕ್ಕಳ ದೇಹದಲ್ಲಿ ನೀರಿನ ದಾಸ್ತಾನು ಕಡಿಮೆ, ಆದ್ದರಿಂದ ಬೇಗ ಬತ್ತುತ್ತದೆ. ಒಂದೆರಡು ನಿಮಿಷಕ್ಕೆ ಒಂದು ಟೀ ಚಮಚ ಓಆರ್‌ಎಸ್ ಕೊಡಿ. ವಾಂತಿ ಮಾಡಿದರೆ 10 ನಿಮಿಷ ನಿಲ್ಲಿಸಿ, ಮತ್ತೆ ಇನ್ನೂ ನಿಧಾನವಾಗಿ ಶುರು ಮಾಡಿ. ಭೇದಿಯೂ ಇದ್ದರೆ ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿ.ಲೀ. ಕುಡಿಸಬೇಕು. ಭೇದಿಗೆ ಜಿಂಕ್ ಕೂಡ ಬೇಕು, ಆಶಾ ಕಾರ್ಯಕರ್ತೆಯರಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಎದೆಹಾಲು ಕುಡಿಯುವ ಮಗುವಿಗೆ ಹಾಲು ನಿಲ್ಲಿಸಬಾರದು. "ಹಾಲು ಕುಡಿದೇ ವಾಂತಿ ಆಗುವುದು" ಎಂದು ಮನೆಯ ಹಿರಿಯರು ಹೇಳಿದರೂ ಸಣ್ಣ ಸಣ್ಣ ಹೊತ್ತಿಗೆ ಕೊಡುತ್ತಲೇ ಇರಿ.

ಕಣ್ಣು ಗುಳಿ ಬಿದ್ದದ್ದು, ಅಳುವಾಗ ಕಣ್ಣೀರು ಬಾರದ್ದು, ಬಾಯಿ ಒಣಗಿದ್ದು, ಆರೇಳು ಗಂಟೆ ಮೂತ್ರ ಹೋಗದ್ದು, ಮಗು ತೂಕಡಿಸುತ್ತಾ ಬಿದ್ದಿರುವುದು ನೀರು ಬತ್ತಿದ ಲಕ್ಷಣಗಳು. ಆಗ ಮನೆಯಲ್ಲಿ ಕಾಯಬೇಡಿ. ಮೂರು ತಿಂಗಳೊಳಗಿನ ಕೂಸು ಮತ್ತೆ ಮತ್ತೆ ವಾಂತಿ ಮಾಡಿದರೆ, ಯಾವುದೇ ಕೂಸಿನ ವಾಂತಿ ಹಸಿರಾಗಿದ್ದರೆ ನೇರ ಆಸ್ಪತ್ರೆಗೆ ಹೋಗಿ. ಕರುಳು ತಿರುಚಿಕೊಂಡಿರುವ ಸಾಧ್ಯತೆ ಇದೆ.

ಗರ್ಭಿಣಿಯರಿಗೆ

ಗರ್ಭಿಣಿಯರಲ್ಲಿ ಹೆಚ್ಚಿನವರಿಗೆ ಸುಮಾರು ಆರನೇ ವಾರದಲ್ಲಿ ವಾಕರಿಕೆ ಶುರುವಾಗಿ, ಒಂಬತ್ತನೇ ವಾರದ ಹೊತ್ತಿಗೆ ಜೋರಾಗಿ, 12ರಿಂದ 16ನೇ ವಾರದೊಳಗೆ ಇಳಿಯುತ್ತದೆ. ಹೆಸರಿಗೆ ಬೆಳಗ್ಗಿನ ವಾಕರಿಕೆ, ದಿನದ ಯಾವ ಹೊತ್ತಿನಲ್ಲೂ ಬರಬಹುದು. ಎದ್ದ ಕೂಡಲೇ ಒಂದು ರಸ್ಕ್ ಅಥವಾ ಬಿಸ್ಕೆಟ್ ತಿನ್ನುವುದು, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುವುದು, ಊಟದ ಮಧ್ಯೆ ಅಲ್ಲದೆ ಬೇರೆ ಹೊತ್ತಿಗೆ ನೀರು ಕುಡಿಯುವುದು ಉಪಯೋಗಕ್ಕೆ ಬರುತ್ತದೆ. ಶುಂಠಿ ಕೆಲವರಿಗೆ ಆರಾಮ ಕೊಡುತ್ತದೆ. ಕಬ್ಬಿಣದ ಮಾತ್ರೆಯಿಂದ ವಾಕರಿಕೆ ಹೆಚ್ಚಾದರೆ ತಾವಾಗಿ ನಿಲ್ಲಿಸದೆ ಡಾಕ್ಟರಿಗೆ ಹೇಳಿ. ಗರ್ಭಿಣಿಯರಿಗೆ ಸುರಕ್ಷಿತವಾದ ಮಾತ್ರೆಗಳು ಇವೆ, ಡಾಕ್ಟರ್ ಬರೆದುಕೊಡುತ್ತಾರೆ.

ಕೆಲವರಿಗೆ ಏನೂ ನಿಲ್ಲುವುದಿಲ್ಲ, ತೂಕ ಇಳಿಯುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಇದು ಆಸ್ಪತ್ರೆಯಲ್ಲಿ ಚಿಕಿತ್ಸೆ ಬೇಕಾದ ಸ್ಥಿತಿ. "ನಾವೂ ಹೆತ್ತಿದ್ದೇವೆ, ನಮಗೆಲ್ಲ ಇಷ್ಟು ಇರ್ಲಿಲ್ಲ" ಎಂಬ ಮಾತು ಅಲ್ಲಿ ನೋವು ಮಾತ್ರ ಕೊಡುತ್ತದೆ. 2023ರ ಕೊನೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು, ಮಗುವಿನ ಕಡೆಯಿಂದ ಬರುವ ಜಿಡಿಎಫ್15 ಎಂಬ ಹಾರ್ಮೋನಿಗೆ ತಾಯಿಯ ದೇಹ ಎಷ್ಟು ಒಗ್ಗಿದೆ ಎಂಬುದರ ಮೇಲೆ ಈ ವಾಂತಿಯ ತೀವ್ರತೆ ನಿಂತಿದೆ ಎಂದು ತೋರಿಸಿತು. ಅಂದರೆ ಇದು ನಾಟಕವೂ ಅಲ್ಲ, ಸೋಮಾರಿತನವೂ ಅಲ್ಲ. ಐದು ತಿಂಗಳ ನಂತರ ಹೊಸದಾಗಿ ವಾಕರಿಕೆ, ಜೋರು ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು ಕಾಣಿಸಿದರೆ ಅದು ರಕ್ತದೊತ್ತಡದ ಅಪಾಯ. ಅದೇ ದಿನ ತೋರಿಸಬೇಕು.

ಪ್ರಯಾಣದಲ್ಲಿ

ಚಾರ್ಮಾಡಿ, ಶಿರಾಡಿ, ಸಂಪಾಜೆ ಘಾಟಿಯಲ್ಲಿ ಅಥವಾ ವಯನಾಡಿನ ತಾಮರಶ್ಶೇರಿ ಚುರದಲ್ಲಿ ಹೋಗುವಾಗ ಒಳಕಿವಿ "ದೇಹ ತಿರುಗುತ್ತಿದೆ" ಎನ್ನುತ್ತದೆ. ಮೊಬೈಲ್ ನೋಡುತ್ತಿರುವ ಕಣ್ಣು "ನಾನು ಅಲ್ಲಾಡುತ್ತಿಲ್ಲ" ಎನ್ನುತ್ತದೆ. ಈ ಎರಡು ಸುದ್ದಿಗಳ ಜಗಳವೇ ಪ್ರಯಾಣದ ವಾಕರಿಕೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದು ಹೆಚ್ಚು.

ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆಯನ್ನೇ ನೋಡಿ. ಮೊಬೈಲ್, ಪುಸ್ತಕ ಬದಿಗಿಡಿ. ಕಿಟಕಿ ತೆರೆಯಿರಿ. ಹೊರಡುವ ಮೊದಲು ಪೂರ್ತಿ ಖಾಲಿ ಹೊಟ್ಟೆಯೂ ಬೇಡ, ಹೊಟ್ಟೆ ಬಿರಿಯುವ ಹಾಗೆ ಪರೋಟ ಬೀಫೂ ಬೇಡ. ಪ್ರಯಾಣದ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ತಿಂದರೆ ಪ್ರಯೋಜನ ಕಡಿಮೆ. ಅರ್ಧದಿಂದ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಅದು ನಿದ್ದೆ ತರಿಸುತ್ತದೆ, ಗಾಡಿ ಓಡಿಸುವವರು ತೆಗೆದುಕೊಳ್ಳಬಾರದು.

ಉಪವಾಸ ಮತ್ತು ಬಿಸಿಲು

ರಮಝಾನ್‌ನಲ್ಲಿ ಇಡೀ ದಿನ ಖಾಲಿ ಇದ್ದ ಹೊಟ್ಟೆಗೆ ಇಫ್ತಾರ್ ಹೊತ್ತಿಗೆ ಒಮ್ಮೆಲೇ ಶರಬತ್ತು, ಸಮೋಸ, ಕಟ್ಲೆಟ್, ಬಿರಿಯಾನಿ ಹೋದರೆ ತೊಳಸುವುದು ಸಹಜ. ಖರ್ಜೂರ, ನೀರು, ಸ್ವಲ್ಪ ಗಂಜಿಯಿಂದ ಶುರು ಮಾಡಿ, ನಮಾಝಿನ ನಂತರ ಊಟ ಮಾಡಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಉಪವಾಸದಲ್ಲಿ ವಾಕರಿಕೆ, ನಡುಕ, ಬೆವರು ಬಂದರೆ ಸಕ್ಕರೆ ಅಂಶ ಇಳಿದಿರಬಹುದು. ಕೂಡಲೇ ಪರೀಕ್ಷಿಸಿ. 70ಕ್ಕಿಂತ ಕೆಳಗಿದ್ದರೆ ಸಿಹಿ ಕೊಡಲೇಬೇಕು. ರೋಗಿಗೆ ಉಪವಾಸ ಬಿಟ್ಟು ಮತ್ತೆ ತೀರಿಸುವ ವಿನಾಯಿತಿ ಕುರ್‌ಆನ್‌ನಲ್ಲೇ ಇದೆ. ಜೀವ ಒತ್ತೆ ಇಟ್ಟು ಮಗ್ರಿಬ್‌ವರೆಗೆ ಕಾಯುವ ಅಗತ್ಯವಿಲ್ಲ. ಹೆಚ್ಚಿನ ವಿವರವನ್ನು ರಮಝಾನ್‌ಗೆ ಮೊದಲೇ ಡಾಕ್ಟರ್ ಮತ್ತು ಉಸ್ತಾದರಲ್ಲಿ ಕೇಳಿ ಇಟ್ಟುಕೊಳ್ಳಿ.

ಗಲ್ಫ್‌ನಲ್ಲಿ ಬಿಸಿಲಿನಲ್ಲಿ ದುಡಿಯುವವರಿಗೆ, ಇಲ್ಲಿ ಎಪ್ರಿಲ್ ಮೇ ತಿಂಗಳಲ್ಲಿ ಕಟ್ಟಡ ಕೆಲಸ ಮಾಡುವವರಿಗೆ ವಾಕರಿಕೆ, ತಲೆಸುತ್ತು, ಸ್ನಾಯು ಸೆಳೆತ ಬಂದರೆ ಅದು ಬಿಸಿಲಿನ ಬಳಲಿಕೆ. ನೆರಳಿಗೆ ಕರೆತಂದು, ಮೈ ಒದ್ದೆ ಮಾಡಿ ಗಾಳಿ ಹಾಕಿ, ಓಆರ್‌ಎಸ್ ಕುಡಿಸಿ. ಮಾತು ತೊದಲಿದರೆ, ಗೊಂದಲವಾದರೆ, ಪ್ರಜ್ಞೆ ತಪ್ಪಿದರೆ ಅದು ಉಷ್ಣಾಘಾತ. ಬಾಯಿಗೆ ಏನೂ ಹಾಕದೆ, ಮೈಗೆ ನೀರು ಸುರಿಯುತ್ತಲೇ ಆಂಬ್ಯುಲೆನ್ಸ್ ಕರೆಯಿರಿ. ಯುಎಇಯಲ್ಲಿ ಆ ಸಂಖ್ಯೆ 998, ಸೌದಿಯಲ್ಲಿ 997.

ಏನು ಮಾಡಬಾರದು?

ವಿಷ, ಸೀಮೆಎಣ್ಣೆ, ಆಸಿಡ್ ಅಥವಾ ಅಡಿಕೆ ತೋಟಕ್ಕೆ ಬಿಡುವ ಮದ್ದು ಹೊಟ್ಟೆಗೆ ಹೋದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬರುವಾಗ ಅದು ಗಂಟಲನ್ನು ಮತ್ತೊಮ್ಮೆ ಸುಡುತ್ತದೆ, ಶ್ವಾಸಕೋಶಕ್ಕೂ ಇಳಿಯಬಹುದು. ಮದ್ದಿನ ಡಬ್ಬಿಯನ್ನು ಜೊತೆಗೆ ತೆಗೆದುಕೊಂಡು ನೇರ ಆಸ್ಪತ್ರೆಗೆ ಹೋಗಿ. ಮದ್ದು ಬಿಡುವಾಗಲೇ ವಾಕರಿಕೆ ಬಂದರೆ ಬಟ್ಟೆ ಕಳಚಿ ಸಾಬೂನು ಹಾಕಿ ಮೈ ತೊಳೆಯಿರಿ.

ವಾಂತಿ ನಿಲ್ಲಿಸುವ ಮಾತ್ರೆಯನ್ನು ಚೀಟಿ ಇಲ್ಲದೆ ತಂದು ಮಕ್ಕಳಿಗೆ ಕೊಡಬೇಡಿ. ಮೆಟೊಕ್ಲೋಪ್ರಮೈಡ್ ಕೆಲವು ಮಕ್ಕಳು, ಯುವಕರಲ್ಲಿ ಕುತ್ತಿಗೆ, ದವಡೆ, ಕಣ್ಣುಗಳ ಸೆಳೆತ ತರುತ್ತದೆ. ಡಾಂಪೆರಿಡೋನ್, ಒಂಡಾನ್ಸೆಟ್ರಾನ್ ಹೃದಯದ ಬಡಿತದ ಲಯ ಕೆಡಿಸಬಹುದು, ಹೃದ್ರೋಗಿಗಳಿಗೆ ಇದು ಮುಖ್ಯ.

ಬರೀ ಹೊಟ್ಟೆಗೆ ನೋವಿನ ಮಾತ್ರೆ ನುಂಗುವುದು, ವಾಂತಿಯ ನಡುವೆ ಗ್ಯಾಸ್ ಪಾನೀಯ ಕುಡಿಯುವುದು, ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಸುರಿಯುವುದು ಯಾವುದೂ ಬೇಡ. ಪ್ರಜ್ಞೆ ಇಲ್ಲದೆ ಉಸಿರಾಡುತ್ತಿರುವವರನ್ನು ಮಗ್ಗುಲಿಗೆ ತಿರುಗಿಸಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಬಾಯಿಯಲ್ಲಿದ್ದದ್ದು ಹೊರಗೆ ಬರುವಂತೆ ಮಾಡಿ.

"ಗ್ಯಾಸ್" ಎಂದು ಕಾಯಬಾರದ ಸಂದರ್ಭಗಳು

ಹೃದಯಾಘಾತ ಎಂದರೆ ಎದೆ ಹಿಡಿದುಕೊಂಡು ಬೀಳುವುದು ಎಂದು ಸಿನಿಮಾ ನೋಡಿ ನಾವು ಅಂದುಕೊಂಡಿದ್ದೇವೆ. ನಿಜದಲ್ಲಿ ಹೃದಯದ ಕೆಳಭಾಗದ ರಕ್ತನಾಳ ಕಟ್ಟಿಕೊಂಡಾಗ ವಾಕರಿಕೆ, ಮೇಲುಹೊಟ್ಟೆ ಉರಿ, ತಣ್ಣನೆ ಬೆವರು ಮಾತ್ರ ಕಾಣಿಸಬಹುದು. ಮಧುಮೇಹಿಗಳಲ್ಲಿ, ಮಹಿಳೆಯರಲ್ಲಿ, ಹಿರಿಯರಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತ ಆಗುವುದುಂಟು. ಬೀಡಿ ಸಿಗರೇಟು ಸೇದುವ, ಶುಗರ್ ಇರುವ, ಬಿಪಿ ಇರುವ ವ್ಯಕ್ತಿಗೆ ಬೆವರಿನ ಜೊತೆ ವಾಕರಿಕೆ ಬಂದರೆ ಇಸಿಜಿ ತೆಗೆಸುವವರೆಗೆ ಅದನ್ನು ಗ್ಯಾಸ್ ಎಂದು ಕರೆಯಬೇಡಿ. ನಡೆಸಬೇಡಿ, ಅವರೇ ಬೈಕ್ ಓಡಿಸಿಕೊಂಡು ಹೋಗಲು ಬಿಡಬೇಡಿ.

ಕೆಳಗಿನ ಯಾವುದೇ ಒಂದು ಇದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು:

• ಎದೆ, ದವಡೆ, ಎಡಗೈ, ಬೆನ್ನಿನಲ್ಲಿ ನೋವು ಅಥವಾ ಬಿಗಿತ, ಉಸಿರಾಟದ ಕಷ್ಟ, ತಣ್ಣನೆ ಬೆವರು.
• ವಾಂತಿಯಲ್ಲಿ ರಕ್ತ, ಅಥವಾ ಕಾಫಿ ಚರಟದಂಥ ಕಪ್ಪು ಬಣ್ಣ.
• ತಲೆಗೆ ಪೆಟ್ಟು ಬಿದ್ದ ನಂತರ ಮತ್ತೆ ಮತ್ತೆ ವಾಂತಿ, ತೂಕಡಿಕೆ.
• ಜೋರು ತಲೆನೋವು, ಕುತ್ತಿಗೆ ಬಿಗಿತ, ಜ್ವರ, ಗೊಂದಲ.
• ಒಂದು ಬದಿ ಕೈಕಾಲು ಸೋತು ಹೋಗುವುದು, ಮಾತು ತೊದಲುವುದು, ನಿಲ್ಲಲಾಗದ ತಲೆಸುತ್ತು.
• ಬಿಡದ ಹೊಟ್ಟೆನೋವು, ಮುಖ್ಯವಾಗಿ ಬಲಗಡೆ ಕೆಳಗೆ. ಹೊಟ್ಟೆ ಉಬ್ಬಿ, ಮಲವೂ ಗಾಳಿಯೂ ಹೋಗದಿರುವುದು.
• ಮಧುಮೇಹಿಗೆ ವಾಂತಿಯ ಜೊತೆ ವೇಗದ ಉಸಿರು, ಹಣ್ಣಿನ ವಾಸನೆಯ ಉಸಿರು.
• ಡೆಂಗಿ ಜ್ವರ ಇಳಿಯುವ ಹೊತ್ತಿಗೆ ಹೊಟ್ಟೆನೋವು, ನಿಲ್ಲದ ವಾಂತಿ. ಜ್ವರ ಬಿಟ್ಟಿತು ಎಂದು ನಿರಾಳವಾಗುವ ಸಮಯವೇ ಅಲ್ಲಿ ಅಪಾಯದ ಸಮಯ.
• ಮಳೆಗಾಲದಲ್ಲಿ ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು, ವಾಂತಿ. ಇಲಿಜ್ವರ ಇರಬಹುದು.
• ಕಣ್ಣು ಕೆಂಪಾಗಿ ಜೋರು ನೋವು, ದೃಷ್ಟಿ ಮಂಜು, ಜೊತೆಗೆ ವಾಂತಿ.
• ದೊಡ್ಡವರಲ್ಲಿ ಎಂಟು ಗಂಟೆ ಮೂತ್ರವಿಲ್ಲದಿರುವುದು, ಅಥವಾ 24 ಗಂಟೆ ಕಳೆದರೂ ಏನೂ ಹೊಟ್ಟೆಯಲ್ಲಿ ನಿಲ್ಲದಿರುವುದು.

ಇದಲ್ಲದೆ ಸಣ್ಣ ವಾಕರಿಕೆ ವಾರಗಟ್ಟಲೆ ಉಳಿದರೆ, ತೂಕ ಇಳಿದರೆ ಆರಾಮವಾಗಿ ಸಮಯ ನೋಡಿ ಡಾಕ್ಟರಿಗೆ ತೋರಿಸಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಒಯ್ಯಿರಿ. ಮೆಟ್‌ಫಾರ್ಮಿನ್, ಕಬ್ಬಿಣದ ಮಾತ್ರೆ, ಕೆಲವು ಆ್ಯಂಟಿಬಯೋಟಿಕ್‌ಗಳು, ಈಗ ಬಂದಿರುವ ತೂಕ ಇಳಿಸುವ ಇಂಜೆಕ್ಷನ್‌ಗಳು ವಾಕರಿಕೆ ತರುವುದು ಸಾಮಾನ್ಯ.

ಸಹಾಯ ಕರೆಯುವಾಗ

ತಲಪಾಡಿ ಗಡಿಯ ಎರಡೂ ಕಡೆ ಆಂಬ್ಯುಲೆನ್ಸ್‌ಗೆ 108, ತುರ್ತು ಸಹಾಯಕ್ಕೆ 112. ಸಲಹೆಗೆ ಕೇರಳದಲ್ಲಿ ದಿಶಾ ಸಹಾಯವಾಣಿ 1056, ಕರ್ನಾಟಕದಲ್ಲಿ 104. ಕರೆ ಮಾಡಿದಾಗ ಮೊದಲು ರಾಜ್ಯ, ಜಿಲ್ಲೆ, ಊರು, ಹತ್ತಿರದ ಮಸೀದಿ ಅಥವಾ ಶಾಲೆಯ ಗುರುತು ಹೇಳಿ. ನಂತರ ರೋಗಿಯ ವಯಸ್ಸು, ಯಾವಾಗ ಶುರುವಾಯಿತು, ಎದೆನೋವು ಅಥವಾ ರಕ್ತ ಇದೆಯೇ, ಶುಗರ್, ಹೃದ್ರೋಗ, ಗರ್ಭ ಇದೆಯೇ ಎಂದು ತಿಳಿಸಿ. ಫೋನ್ ಇಡುವ ಆತುರ ಬೇಡ.

ಮನೆಯಲ್ಲಿ ಎರಡು ಪೊಟ್ಟಣ ಓಆರ್‌ಎಸ್, ಒಂದು ಲೀಟರ್ ಅಳತೆಯ ಬಾಟ್ಲಿ, ಶುಗರ್ ಇರುವವರ ಮನೆಯಲ್ಲಿ ಗ್ಲೂಕೋಮೀಟರ್ ಇಟ್ಟುಕೊಳ್ಳಿ. ಮೇಲಿನ ಅಪಾಯದ ಪಟ್ಟಿಯನ್ನು ಬರೆದು ಫ್ರಿಜ್‌ನ ಬಾಗಿಲಿಗೆ ಅಂಟಿಸಿ. ಜಮಾಅತ್‌ನ ಯುವಕರ ಸಂಘಟನೆಗಳು ರಕ್ತದಾನ ಶಿಬಿರದ ಜೊತೆ ಒಂದು ಗಂಟೆಯ ಪ್ರಥಮ ಚಿಕಿತ್ಸೆಯ ತರಗತಿಯನ್ನೂ ಇಟ್ಟುಕೊಂಡರೆ ಊರಿಗೆ ದೊಡ್ಡ ಉಪಕಾರ. ಓಆರ್‌ಎಸ್ ಬೆರೆಸುವುದು, ಮಗ್ಗುಲಿಗೆ ತಿರುಗಿಸಿ ಮಲಗಿಸುವುದು, 108ಕ್ಕೆ ಸರಿಯಾಗಿ ವಿಳಾಸ ಹೇಳುವುದು, ಈ ಮೂರನ್ನು ಹತ್ತು ವರ್ಷದ ಮಗುವಿಗೂ ಕಲಿಸಬಹುದು.